ಮೊದಲು ಕಲೆ ಯಾವುದು ಅಂತ ನೋಡಿ

ಹಲ್ಲು ಬಿಳಿ ಮಾಡಿಸುವ ಬಗ್ಗೆ ನಿಮ್ಮ ಲೇಖನ ಓದಿದೆ. ಅಂಗಡಿ ಕಿಟ್‌ನಲ್ಲೂ ದಂತವೈದ್ಯರ ಹತ್ತಿರವೂ ಒಂದೇ ಔಷಧ, ವೈದ್ಯರಿಗೆ ಸುಮ್ನೆ ಜಾಸ್ತಿ ದುಡ್ಡು ಯಾಕೆ ಎಂದು ಅದರಲ್ಲಿ ಕೇಳಿದ್ದೀರಿ. ಎರಡರಲ್ಲೂ ಪೆರಾಕ್ಸೈಡ್ ಎಂಬ ಬಣ್ಣ ತೆಗೆಯುವ ರಾಸಾಯನಿಕ ಇರುವುದು ನಿಜ. ಆದರೆ ಪ್ರಮಾಣ ಬೇರೆ. ಯುರೋಪಿನಲ್ಲಿ ಅಂಗಡಿ ಮಾಲಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಶೇ. 0.1 ದಾಟುವಂತಿಲ್ಲ. ನಮ್ಮ ಕ್ಲಿನಿಕ್‌ಗಳಲ್ಲಿ ಶೇ. 35ರಷ್ಟಿರುವ ಜೆಲ್ ಕೂಡ ಬಳಸುತ್ತಾರೆ. ಅದು ವಸಡಿಗೆ ತಾಗಿದರೆ ಆ ಜಾಗ ಬೆಳ್ಳಗಾಗಿ ಉರಿಯುತ್ತದೆ. ಅದಕ್ಕೇ ಮೊದಲು ವಸಡಿನ ಅಂಚಿಗೆ ಅಂಟಿನಂಥ ಪದರ ಹಚ್ಚಿ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿಕೊಳ್ಳುತ್ತಾರೆ.

ಕಲೆ ಯಾವುದು ಅನ್ನುವ ಮಾತೇ ಲೇಖನದಲ್ಲಿ ಬಂದಿಲ್ಲ. ಕಾಫಿ, ಎಲೆಅಡಿಕೆ ಕಲೆ ಹೆಚ್ಚಾಗಿ ಮೇಲ್ಮೇಲಿನದು, ಕ್ಲೀನಿಂಗ್ ಮಾಡಿಸಿದರೆ ಬಹುಪಾಲು ಹೋಗುತ್ತದೆ. ಪಾವಗಡ, ಕೋಲಾರದ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಬರುವ ಕಂದು ಪಟ್ಟೆ ಹಾಗಲ್ಲ. ಹಲ್ಲು ಮೂಡುವ ಮೊದಲೇ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಕೆಟ್ಟಿರುತ್ತದೆ. ಅದಕ್ಕೆ ಕಿಟ್ ಹಾಕಿದರೆ ಬಿಳಿ ಮಚ್ಚೆಗಳು ಇನ್ನೂ ಎದ್ದು ಕಾಣಬಹುದು. ಆ ಕಡೆಯ ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟು ನಗುವುದನ್ನು ನೋಡಿದ್ದೇನೆ. ಅಂಥವರಿಗೆ ಹಲ್ಲು ಬೆಳ್ಳಗಾಗುತ್ತದೆ ಅಂತ ಇದ್ದಿಲು ಪುಡಿ ಮಾರುವುದು ಅನ್ಯಾಯ ಅಲ್ವಾ? ಒರಟು ಪುಡಿ ಉಜ್ಜಿ ಉಜ್ಜಿ ಎನಾಮಲ್ ಸವೆದರೆ ಒಳಗಿನ ಹಳದಿಯೇ ಹೊರಗೆ ಕಾಣುತ್ತದೆ.

ಇನ್ನೊಂದು ವಿಷಯ. ಕ್ಯಾಪ್, ಫಿಲ್ಲಿಂಗ್‌ಗಳ ಬಣ್ಣ ಯಾವ ಜೆಲ್‌ನಿಂದಲೂ ಬದಲಾಗದು. ಖರ್ಚು ಕಡಿಮೆ ಇರಲಿ ಅನ್ನುವವರು ದಂತವೈದ್ಯರ ಹತ್ತಿರ ಅಳತೆ ಕೊಟ್ಟು ಟ್ರೇ (ಜೆಲ್ ತುಂಬಿ ಹಲ್ಲಿನ ಮೇಲೆ ಕೂರಿಸುವ ಅಚ್ಚು) ಮಾಡಿಸಿ. ಅದರಲ್ಲಿ ಶೇ. 10ರ ಕಾರ್ಬಮೈಡ್ ಪೆರಾಕ್ಸೈಡ್ ಎಂಬ ಸೌಮ್ಯ ಜೆಲ್ ಅನ್ನು ರಾತ್ರಿ ಮನೆಯಲ್ಲೇ ಹಾಕಿಕೊಳ್ಳಬಹುದು. ನಿಧಾನ, ಆದರೆ ಹಲ್ಲು ಜುಮ್ಮೆನ್ನುವುದು ಕಡಿಮೆ.