ಕುಂಟೆ ಖಾಲಿ ಇದ್ದರೇ ಕೆಲಸಕ್ಕೆ ಬರೋದು

ಲೇಔಟ್ ಮುಳುಗಿದ ಮಾರನೇ ದಿನ ನಿವಾಸಿಗಳ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಒಬ್ಬರು ಬರೆದೇ ಬರೆಯುತ್ತಾರೆ: ಪಾರ್ಕಿನ ಮೂಲೆಯಲ್ಲಿ ಒಂದು ಕೊಳ ತೋಡಿಸೋಣ, ಮಳೆನೀರೆಲ್ಲ ಅಲ್ಲಿಗೆ ಬಿಡೋಣ. ಮಾತು ಸರಿಯಾಗಿಯೇ ಇದೆ. ಕೆಡೋದು ಆಮೇಲೆ. ಸುತ್ತ ನೆಟ್ಟಗೆ ಸೈಜುಗಲ್ಲಿನ ಗೋಡೆ, ಮೇಲೊಂದು ಗ್ರಿಲ್ಲು, ನಡುವೆ ಕಾರಂಜಿ, ಎದುರಿಗೆ ಗ್ರಾನೈಟ್ ಫಲಕ. ಮೊದಲ ಮಳೆಗೆ ಕೊಳ ತುಂಬಿ ಥಳಥಳ ಅನ್ನುತ್ತದೆ, ಫೋಟೋ ಹರಿದಾಡುತ್ತದೆ. ಮೂರನೇ ಮಳೆಗೆ ಅದೇ ನಾಲ್ಕನೇ ಕ್ರಾಸಿನ ಅದೇ ಮನೆಗಳಿಗೆ ನೀರು. ಆಗ "ಕೊಳ ಮಾಡಿದ್ದೂ ದಂಡ" ಅಂತ ತೀರ್ಮಾನ.

ತುಂಬಿದ ಬಿಂದಿಗೆಗೆ ಇನ್ನೊಂದು ಚೊಂಬು ನೀರು ಹಿಡಿಯಲ್ಲ, ಅಷ್ಟೇ ವಿಷಯ. ಪ್ರವಾಹ ತಡೆಯುವ ಕೊಳದಲ್ಲಿ, ಅಂದರೆ ಕುಂಟೆಯಲ್ಲಿ, ದುಡಿಯೋದು ಅದರ ಖಾಲಿ ಜಾಗ. ಸಂಜೆಯ ಮಳೆ ಹಿಡಿದು, ರಾತ್ರಿಯೆಲ್ಲ ಹದವಾಗಿ ಬಿಟ್ಟು, ಮರುದಿನ ಸಂಜೆಗೆ ಖಾಲಿ ಹೊಟ್ಟೆಯಲ್ಲಿ ಕಾಯ್ತಾ ಕೂತಿರಬೇಕು. ಹಳೇ ಮೈಸೂರು ಸೀಮೆಯಲ್ಲಿ ಕೆರೆ ಕಟ್ಟಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಹದವಾಗಿ ಬಿಡೋಕೆ ತೂಬು, ಮಿಕ್ಕಿದ್ದು ಹೋಗೋಕೆ ಕೋಡಿ, ಹಿಡಿದು ನಿಲ್ಲಿಸೋಕೆ ಏರಿ, ಮೇಲ್ಗಡೆ ಹೂಳು ಹಿಡಿಯೋಕೆ ಚಿಕ್ಕ ಕುಂಟೆಗಳು. ತೂಬು ಎತ್ತಿ ಇಳಿಸೋಕೆ ನೀರುಗಂಟಿ. ಈಗಿನ "ಅಭಿವೃದ್ಧಿ" ಕಂಡ ಎಷ್ಟೋ ಕೆರೆಗಳಲ್ಲಿ ಕೋಡಿಯೊಂದು ಉಳಿದಿದೆ. ತೂಬು ಕಾಂಕ್ರೀಟಿನೊಳಗೆ ಮುಚ್ಚಿಹೋಗಿದೆ. ಮಳೆಗಾಲಕ್ಕೆ ಮುಂಚೆ ಒಂದಡಿ ನೀರು ಇಳಿಸೋಣ ಅಂದರೆ ದಾರಿಯೇ ಇಲ್ಲ.

ಲೆಕ್ಕಕ್ಕೆ ಬರೋಣ. 10 ಎಕರೆಯ ಬಡಾವಣೆ, ಅಂದರೆ 40,470 ಚದರ ಮೀಟರ್. ಬೆಂಗಳೂರಿನ ಗುಡುಗುಮಳೆ ಗಂಟೆಗೆ 60 ಮಿ.ಮೀ. ಬಿರುಸು ಮುಟ್ಟೋದು ಅಪರೂಪವೇನಲ್ಲ. ಅಂಥ ಒಂದು ಗಂಟೆಯ ಮಳೆಗೆ ಆ ಜಾಗದ ಮೇಲೆ ಬೀಳೋದು 24 ಲಕ್ಷ ಲೀಟರ್ ಚಿಲ್ಲರೆ. ತಾರಸಿ, ಡಾಂಬರು, ಕಾಂಕ್ರೀಟು, ಟೈಲ್ಸ್ ಹಾಕಿದ ಅಂಗಳ ಎಲ್ಲ ಸೇರಿ ಅದರ ಮುಕ್ಕಾಲು ಪಾಲು ಹರಿದು ಚರಂಡಿಗೆ ಬರುತ್ತದೆ: 18 ಲಕ್ಷ. ಅದೇ ಜಾಗ ರಾಗಿ ಹೊಲವಾಗಿದ್ದಾಗ ಕಾಲು ಪಾಲು, ಸುಮಾರು 6 ಲಕ್ಷ ಹರಿಯುತ್ತಿತ್ತು. ಕೆಳಗಿನ ರಾಜಕಾಲುವೆ, ಅಂದರೆ ಮಳೆನೀರು ಹೊತ್ತೊಯ್ಯುವ ದೊಡ್ಡ ಕಾಲುವೆ, ಹುಟ್ಟಿದ್ದು ಆ 6 ಲಕ್ಷದ ಕಾಲದಲ್ಲಿ. ವ್ಯತ್ಯಾಸದ 12 ಲಕ್ಷ ಲೀಟರನ್ನು ಕುಂಟೆ ಒಂದಷ್ಟು ಹೊತ್ತು ತಡೆದು ನಿಲ್ಲಿಸಬೇಕು. ಇದು ಮನೆಲೆಕ್ಕ, ಎಂಜಿನಿಯರು ಮಳೆಯ ಏರಿಳಿತ ಹಾಕಿ ಇನ್ನೂ ಸೂಕ್ಷ್ಮವಾಗಿ ಮಾಡುತ್ತಾರೆ. ಆದರೆ ಯಾರಾದರೂ 10 ಎಕರೆಗೆ ಎರಡು ಲಕ್ಷ ಲೀಟರಿನ ಕೊಳ ತೋರಿಸಿ "ಇನ್ನು ಮುಳುಗಲ್ಲ" ಅಂದರೆ ನಗಬಹುದು ಅನ್ನೋಷ್ಟು ನಿಖರ.

12 ಲಕ್ಷ ಲೀಟರ್ ಅಂದರೆ 1,200 ಘನ ಮೀಟರ್. ತುಂಬಿದಾಗ ನೀರಿನ ಮೇಲ್ಮೈ 40 ಮೀಟರ್ ಉದ್ದ, 30 ಮೀಟರ್ ಅಗಲ. ಏರಿಳಿಯುವ ನೀರಿನ ಆಳ ಒಂದೂವರೆ ಮೀಟರ್. ದಡದ ಇಳಿಜಾರು ಒಂದಕ್ಕೆ ಮೂರು, ಅಂದರೆ ಒಂದು ಮೀಟರ್ ಇಳಿಯೋಕೆ ಮೂರು ಮೀಟರ್ ಒಳಗೆ ಸರಿಯಬೇಕು. ಹಾಗಾಗಿ ಆ ಆಳದಲ್ಲಿ ಅಳತೆ 31ಕ್ಕೆ 21 ಆಗುತ್ತದೆ. ಹಿಡಿಯೋದು 1,360 ಘನ ಮೀಟರ್ ಚಿಲ್ಲರೆ, ಸ್ವಲ್ಪ ಹೆಚ್ಚೇ. "ನಲವತ್ತು ಮೂವತ್ತು ಒಂದೂವರೆ, ಸಾವಿರದೆಂಟುನೂರು" ಅಂತ ಗುಣಿಸಿ ಬಿಲ್ ಬರೆಯುವವರಿದ್ದಾರೆ. ಇಳಿಜಾರು ಕಾಲುಭಾಗ ತಿಂದುಬಿಡುತ್ತದೆ, ನೆನಪಿರಲಿ. ಮೇಲೆ ಅರ್ಧ ಮೀಟರ್ ಖಾಲಿ ದಡ, ಸುತ್ತ ಮೂರು ಮೀಟರ್ ದಾರಿ ಸೇರಿದರೆ ಒಟ್ಟು 19 ಗುಂಟೆ. 10 ಎಕರೆಗೆ ಅರ್ಧ ಎಕರೆಗಿಂತ ಒಂದು ಗುಂಟೆ ಕಮ್ಮಿ. ಬಡಾವಣೆಯ ನಕ್ಷೆ ಬರೆಯುವಾಗಲೇ ತೆಗೆದಿಟ್ಟರೆ ಇದೇನೂ ದೊಡ್ಡದಲ್ಲ. ಸೈಟೆಲ್ಲ ಮಾರಿದ ಮೇಲೆ ಹುಡುಕಿದರೆ ಎಲ್ಲಿಂದ ಬರುತ್ತದೆ?

ಬೇಸಿಗೆಯಲ್ಲೂ ಒಂದಿಷ್ಟು ನೀರು ನಿಲ್ಲಲಿ, ಹಕ್ಕಿ ಬರಲಿ ಅನ್ನೋರು ಅದರ ಕೆಳಗೆ ಇನ್ನೊಂದು ಮೀಟರ್ ತೋಡಬಹುದು. ತೋಡಿ. ಆದರೆ ಆ ಕೆಳಗಿನ ಮೀಟರನ್ನು ಪ್ರವಾಹದ ಲೆಕ್ಕಕ್ಕೆ ಸೇರಿಸಬೇಡಿ. ಅದು ಯಾವಾಗಲೂ ತುಂಬಿರುತ್ತೆ. ಅದೊಂದಕ್ಕೇ 500 ಘನ ಮೀಟರ್ ಮಣ್ಣು ತೆಗೆಯಬೇಕು, ಅದೂ ಗೊತ್ತಿರಲಿ.

ಈಗ ತೂಬು. ಇಡೀ ಕುಂಟೆಯ ಪ್ರಾಣ ಇರೋದು ಇಲ್ಲಿ. ಹೊಲವಿದ್ದ ಕಾಲದಲ್ಲಿ ಆ 10 ಎಕರೆಯಿಂದ ಸೆಕೆಂಡಿಗೆ ಹೆಚ್ಚೆಂದರೆ 170 ಲೀಟರ್ ಹೊರಡುತ್ತಿತ್ತು, ಈಗ 500 ದಾಟುತ್ತದೆ. ತೂಬು 170ರ ಒಳಗೇ ಬಿಡಬೇಕು. 250 ಮಿ.ಮೀ. ವ್ಯಾಸದ ಒಂದು ತೂತು, ಅದರ ತಳದಿಂದ ಒಂದೂವರೆ ಮೀಟರ್ ನೀರು ನಿಂತಾಗ, ಸೆಕೆಂಡಿಗೆ ಸುಮಾರು 150 ಲೀಟರ್ ಬಿಡುತ್ತದೆ. ನೀರಿಳಿದಂತೆ ಹರಿವೂ ಇಳಿಯುತ್ತದೆ. ತುಂಬಿದ ಕುಂಟೆ ಖಾಲಿಯಾಗೋಕೆ ಐದು ಗಂಟೆ ಹತ್ತಿರ ಬೇಕು. ಗೇಟೂ ಬೇಡ, ಮೋಟರೂ ಬೇಡ. "ಅಷ್ಟು ಚಿಕ್ಕ ತೂತಾ?" ಅಂತ ಎಲ್ಲರೂ ಕೇಳುತ್ತಾರೆ. 300 ಮಾಡಿಬಿಟ್ಟರೆ 218 ಲೀಟರ್ ಹೊರಡುತ್ತದೆ, ಕೆಳಗಿನವರ ಮನೆಗೆ ನುಗ್ಗುತ್ತದೆ.

ಆ ತೂತನ್ನು ಗೋಡೆಯಲ್ಲೇ ಕೊರೆಯಬೇಡಿ. 450 ಮಿ.ಮೀ. ಹ್ಯೂಮ್ ಪೈಪ್ ಹಾಕಿ, ಬಾಯಿಗೆ ದಪ್ಪ ಸ್ಟೀಲ್ ತಟ್ಟೆ ಬೋಲ್ಟ್ ಮಾಡಿ, ತಟ್ಟೆಯಲ್ಲಿ 250ರ ತೂತು ಮಾಡಿ. ಕಟ್ಟಿಕೊಂಡರೆ ತಟ್ಟೆ ಬಿಚ್ಚಿ ಪೈಪಿಗೆ ಕೈ ಹಾಕಬಹುದು, ಲೆಕ್ಕ ತಪ್ಪಿದ್ದರೆ ಬೇರೆ ತಟ್ಟೆ ಹಾಕಬಹುದು. ಮುಂದೆ ಓರೆಯಾಗಿ ಸರಳಿನ ಜಾಲರಿ, ಸರಳುಗಳ ನಡುವೆ 40 ಮಿ.ಮೀ. ಸಂದು. ಜಾಲರಿಯ ವಿಸ್ತೀರ್ಣ ತೂತಿನ ಹತ್ತು ಪಟ್ಟಾದರೂ ಇರಲಿ, ಒಂದು ಚದರ ಮೀಟರ್ ಇದ್ದರೆ ನೆಮ್ಮದಿ. ಓರೆ ಯಾಕೆಂದರೆ ನೀರೇರಿದಂತೆ ಕಸ ಮೇಲಕ್ಕೆ ಜಾರುತ್ತದೆ. ನೆಟ್ಟಗೆ ನಿಲ್ಲಿಸಿದ ಜಾಲರಿಗೆ ಹಾಲಿನ ಪ್ಯಾಕೆಟ್ಟು, ಚಿಪ್ಸ್ ಕವರು, ಒಂದು ತೆಂಗಿನ ಗರಿ ಸಾಕು, ಹತ್ತು ನಿಮಿಷದಲ್ಲಿ ಚಾಪೆ ಹಾಸಿದ ಹಾಗೆ ಮುಚ್ಚಿಕೊಳ್ಳುತ್ತದೆ.

ಇದೆಲ್ಲಕ್ಕಿಂತ ಮುಂಚೆ ಮಟ್ಟ ನೋಡಬೇಕು. ಬಹಳಷ್ಟು ಕೊಳಗಳು ಸೋಲುವುದು ಕಾಗದದ ಮೇಲೆಯೇ. ಒಳಬರುವ ಚರಂಡಿಯ ತಳ ರಸ್ತೆಗಿಂತ ಒಂದು ಮೀಟರ್ ಕೆಳಗಿರುತ್ತದೆ. ತೂಬು ಹೊರಬೀಳುವ ಕಾಲುವೆಯ ತಳ ಅದಕ್ಕಿಂತ ಎಷ್ಟು ಕೆಳಗಿದೆ? ಅದೇ ನಿಮ್ಮ ನಿಜವಾದ ಆಳ. ಅರವತ್ತು ಸೆಂಟಿಮೀಟರ್ ಮಾತ್ರ ಸಿಕ್ಕಿತು ಅಂದರೆ ಅದೇ ನೀರಿಗೆ ಎರಡೂವರೆ ಪಟ್ಟು ಜಾಗ ಬೇಕು. ಎಂಟಡಿ ತೋಡಿದರೂ ಅಷ್ಟೇ, ಹದಿನೆಂಟಡಿ ತೋಡಿದರೂ ಅಷ್ಟೇ. ಇನ್ನೊಂದು: ಮಳೆ ಬಂದಾಗ ರಾಜಕಾಲುವೆಯೂ ತುಂಬಿ ಹರಿಯುತ್ತಿರುತ್ತದೆ. ಆ ಮಟ್ಟ ತೂಬಿಗಿಂತ ಮೇಲಿದ್ದರೆ ನೀರು ಉಲ್ಟಾ ಹೊಡೆಯುತ್ತದೆ. ಆಗ ಪೈಪಿನ ಹೊರಬಾಯಿಗೆ ಒಮ್ಮುಖದ ಫ್ಲ್ಯಾಪ್ ವಾಲ್ವ್ ಬೇಕು. ಪಂಪ್ ಇಡೋಣ ಅನ್ನುವ ಸಲಹೆಗೆ ಒಂದೇ ಉತ್ತರ: ಗುಡುಗು ಶುರುವಾದ ತಕ್ಷಣ ಮೊದಲು ಹೋಗೋದು ಕರೆಂಟು.

ಕೋಡಿಗೆ ಮೂರು ಮೀಟರ್ ಅಗಲ ಕೊಡಿ. ಗಂಟೆಗೆ 100 ಮಿ.ಮೀ. ಬಿರುಸಿನ ಮಳೆಗೂ 30 ಸೆಂ.ಮೀ. ದಪ್ಪದಲ್ಲಿ ಹರಿದು ಹೋಗುತ್ತದೆ, ಮೇಲೆ ಇನ್ನೂ 20 ಸೆಂ.ಮೀ. ಖಾಲಿ ಉಳಿಯುತ್ತದೆ. ಕೆಳಗೆ ಕಲ್ಲು ಹಾಸದಿದ್ದರೆ ಬೀಳುವ ನೀರು ಬುಡವನ್ನೇ ತೋಡಿಕೊಂಡು ಹೋಗುತ್ತದೆ. ಏರಿಯ ವಿಚಾರದಲ್ಲಿ ನನ್ನ ಅಭಿಪ್ರಾಯ ನೇರ: ಜನವಸತಿಯ ನಡುವೆ ಏರಿ ಕಟ್ಟಿ ನೀರನ್ನು ಎತ್ತರದಲ್ಲಿ ನಿಲ್ಲಿಸಬೇಡಿ, ನೆಲದೊಳಕ್ಕೆ ತೋಡಿ. 2019ರ ನವೆಂಬರಿನಲ್ಲಿ ಹುಳಿಮಾವು ಕೆರೆ ಏರಿ ಒಡೆದಾಗ ನೂರಾರು ಮನೆಗಳಿಗೆ ನೀರು ನುಗ್ಗಿತು, ಅದೂ ಮಳೆಯಿಂದಲ್ಲ. ಒಂದು ಬದಿಗಾದರೂ ಏರಿ ಬೇಕೇ ಬೇಕು ಅಂತಾದರೆ 20 ಸೆಂ.ಮೀ. ಪದರದಂತೆ ಮಣ್ಣು ಹಾಕಿ ರೋಲರ್ ಹೊಡೆಸಿ. ಹದ ನೋಡೋದು ಸುಲಭ: ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ಅಂಗೈಗೆ ಅಂಟಬಾರದು. ಏರಿಯೊಳಗೆ ಹಾಯುವ ಪೈಪಿನ ಸುತ್ತ ಕಾಂಕ್ರೀಟಿನ ಕೊರಳಪಟ್ಟಿ ಕಟ್ಟದಿದ್ದರೆ ಪೈಪಿನ ಹೊರಮೈ ಗುಂಟ ನೀರು ಜಿನುಗಿ, ದಿನಾ ಚಿಟಿಕೆ ಚಿಟಿಕೆ ಮಣ್ಣು ಕದ್ದು, ಒಂದು ರಾತ್ರಿ ಏರಿಯೇ ಕುಸಿಯುತ್ತದೆ.

ಇನ್ನು ಒಳಚರಂಡಿ. ನಮ್ಮೂರುಗಳಲ್ಲಿ ಮಳೆನೀರಿನ ಕೊಳ ಮೋರಿಯಾಗುವುದು ಇದರಿಂದ. ಪರೀಕ್ಷೆ ಸರಳ. ಮಳೆ ಬಂದು ತಿಂಗಳಾಗಿರುವ ಮಾರ್ಚಿನ ಒಂದು ಬೆಳಗ್ಗೆ ಏಳು ಗಂಟೆಗೆ ಮಳೆನೀರು ಚರಂಡಿಯ ಚಪ್ಪಡಿ ಎತ್ತಿ ನೋಡಿ. ಒಣಗಿದ್ದರೆ ಅದೃಷ್ಟವಂತರು. ಬೂದು ಬಣ್ಣದ ನೀರು, ಸೋಪಿನ ನೊರೆ ಹರಿಯುತ್ತಿದ್ದರೆ ಆ ಹೊತ್ತಿಗೆ ಯಾವ್ಯಾವ ಮನೆಯ ಸ್ನಾನ ನಡೀತಿದೆ ಅಂತ ಹುಡುಕಿಕೊಂಡು ಮೇಲಕ್ಕೆ ನಡೆಯಿರಿ. ಸಂಪರ್ಕ ಸರಿಪಡಿಸುವ ತನಕ ಕೊಳಕ್ಕೆ ಚರಂಡಿ ಜೋಡಿಸಬೇಡಿ. ಎಲ್ಲವನ್ನೂ ಸರಿಪಡಿಸುವುದು ಆಗದ ಮಾತು ಅನ್ನಿಸಿದರೆ ಕುಂಟೆಯನ್ನು ಚರಂಡಿಯ ದಾರಿಯಲ್ಲಿ ಇಡದೆ ಪಕ್ಕಕ್ಕೆ ಇಡಿ: ಚರಂಡಿಯ ಗೋಡೆಯನ್ನು ಒಂದು ಕಡೆ ತಗ್ಗಿಸಿದರೆ ದಿನದ ಸಣ್ಣ ಹರಿವು ಅದರ ಪಾಡಿಗೆ ಮುಂದೆ ಹೋಗುತ್ತದೆ, ಜೋರು ಮಳೆಯ ನೀರು ಮಾತ್ರ ಆ ತಗ್ಗಿನ ಮೇಲಿಂದ ಉಕ್ಕಿ ಕುಂಟೆಗೆ ಬೀಳುತ್ತದೆ. ಬೆಂಗಳೂರಿನ ಮಟ್ಟಿಗೆ ಇದೇ ವಾಸಿ.

ಹೂಳು ಎರಡನೇ ಶತ್ರು. ಮನೆ ಕಟ್ಟುವವರು ರಸ್ತೆಯಲ್ಲಿ ಸುರಿದ ಎಂ-ಸ್ಯಾಂಡ್ ಗುಡ್ಡೆ ಒಂದೇ ಮಳೆಗೆ ಅರ್ಧ ಚರಂಡಿಯಲ್ಲಿರುತ್ತದೆ. ಅದು ಕುಂಟೆಯ ತಳ ಸೇರುವ ಮೊದಲು ಬಾಗಿಲಲ್ಲೇ ಹಿಡಿಯೋಕೆ ಪ್ರತ್ಯೇಕ ಹೂಳುಗುಂಡಿ ಬೇಕು, ಒಟ್ಟು ಸಾಮರ್ಥ್ಯದ ಹತ್ತನೇ ಒಂದು ಭಾಗದಷ್ಟು. ಈ ಲೆಕ್ಕಕ್ಕೆ 12 ಮೀಟರ್ ಉದ್ದ, 10 ಮೀಟರ್ ಅಗಲ, 1.2 ಮೀಟರ್ ಆಳ. ತಳಕ್ಕೆ ಕಾಂಕ್ರೀಟ್ ಹಾಕಿದರೆ ಜೆಸಿಬಿ ಬಕೆಟ್ಟು ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗುತ್ತದೆ. ಇಳಿಯೋಕೆ ಮೂರೂವರೆ ಮೀಟರ್ ಅಗಲದ ಇಳಿಜಾರು ದಾರಿ ಬಿಡಿ. ಅದನ್ನೇ ಮರೆತು, ಮೂರು ವರ್ಷಕ್ಕೆ ಗೋಡೆ ಒಡೆದು ಯಂತ್ರ ಇಳಿಸುವುದು ಮಾಮೂಲಿ ನೋಟ. ಗುಂಡಿಯ ಗೋಡೆಗೆ ಕೆಂಪು ಬಣ್ಣದಲ್ಲಿ ಗೆರೆ ಬರೆಯಿರಿ, ಹೂಳು ಅರ್ಧ ಮುಟ್ಟಿದರೆ ತೆಗೆಸಿ. ಏನೇ ಆದರೂ ವರ್ಷಕ್ಕೊಮ್ಮೆ, ಭರಣಿ ಮಳೆ ಬರುವ ಮೊದಲು.

ಮಣ್ಣಿನ ಗುಣ ಊರಿಂದೂರಿಗೆ ಬೇರೆ. ಬೆಂಗಳೂರು, ಕೋಲಾರದ ಕೆಂಪುಮಣ್ಣಿಗೆ ಒಂದಕ್ಕೆ ಮೂರರ ಇಳಿಜಾರು ಸಾಕು. ಹುಬ್ಬಳ್ಳಿ, ಕಲಬುರಗಿಯ ಎರೆಮಣ್ಣು ನೀರು ಕುಡಿದು ಉಬ್ಬಿ, ಒಣಗಿ ಬಿರುಕು ಬಿಟ್ಟು ಜಾರುತ್ತದೆ. ಒಂದಕ್ಕೆ ನಾಲ್ಕು ಮಾಡಿ, ಮೇಲೆ ಗರಸು (ಜಲ್ಲಿ ಬೆರೆತ ಗಟ್ಟಿ ಮಣ್ಣು) ಹೊದಿಸಿ. ಮಂಗಳೂರಿನ ತಗ್ಗು ಜಾಗಗಳಲ್ಲಿ ಆಟಿ ತಿಂಗಳಿಗೆ (ಜುಲೈ-ಆಗಸ್ಟ್) ಅಂತರ್ಜಲ ಅಂಗಳಕ್ಕೇ ಬಂದಿರುತ್ತದೆ, ಅಲ್ಲಿ ಆಳ ತೋಡಿ ಪ್ರಯೋಜನವಿಲ್ಲ, ಅಗಲವೇ ಗತಿ. ಇಂಗುಬಾವಿ ಸೇರಿಸೋದು ಒಳ್ಳೆಯದೇ, ಆದರೆ ಇಂಗೋದು ನಿಧಾನ. ಒಂದು ಗಂಟೆಯ ಜಡಿಮಳೆಯ ಲೆಕ್ಕಕ್ಕೆ ಅದನ್ನು ಸೊನ್ನೆ ಅಂತಲೇ ಹಿಡಿಯಿರಿ.

ಸೊಳ್ಳೆಗೆ ಹೆದರುವವರಿಗೆ: ಮೊಟ್ಟೆ ಸೊಳ್ಳೆಯಾಗೋಕೆ ವಾರ, ಹತ್ತು ದಿನ ಬೇಕು. ಐದು ಗಂಟೆಯಲ್ಲಿ ಬರಿದಾಗುವ ಕುಂಟೆಯಲ್ಲಿ ಸೊಳ್ಳೆ ಹುಟ್ಟಲ್ಲ. ಹುಟ್ಟೋದು ತಳ ಸಮತಟ್ಟಾಗಿ ಅಲ್ಲಲ್ಲಿ ನಿಂತ ಅಂಗೈಯಗಲ ಕೊಚ್ಚೆಯಲ್ಲಿ, ಜೆಸಿಬಿ ಚಕ್ರದ ಗುರುತಿನಲ್ಲಿ. ತಳಕ್ಕೆ ನೂರಕ್ಕೊಂದರ ಇಳುಕಲು ಕೊಟ್ಟು ತೂಬಿನ ಕಡೆ ತಿರುಗಿಸಿ. ನೆಟ್ಟನೆಯ ಗೋಡೆ ಬೇಡ ಅನ್ನೋದೂ ಮಕ್ಕಳಿಗಾಗಿ: ಇಳಿಜಾರು ದಡದಲ್ಲಿ ಜಾರಿದ ಮಗು ಕೈಯೂರಿ ಹತ್ತಿ ಬರಬಹುದು, ಕಲ್ಲುಗೋಡೆಯಲ್ಲಿ ಆಗಲ್ಲ. ದಡಕ್ಕೆ ಲಾವಂಚ ನೆಡಿ, ಬೇರು ಮಣ್ಣನ್ನು ಹಿಡಿಯುತ್ತದೆ.

ಜಾಗವೇ ಇಲ್ಲ ಅನ್ನುವ ಬಡಾವಣೆಯಲ್ಲೂ ಆಟದ ಮೈದಾನವಿರುತ್ತದೆ. 60 ಮೀಟರ್ ಉದ್ದ, 40 ಮೀಟರ್ ಅಗಲದ ಮೈದಾನವನ್ನು ಅರ್ಧ ಮೀಟರ್ ತಗ್ಗಿಸಿದರೆ ಅದೇ 1,200 ಘನ ಮೀಟರ್. ವರ್ಷದಲ್ಲಿ ಒಂದಷ್ಟು ಸಂಜೆ ನೀರು ನಿಲ್ಲುತ್ತದೆ, ಮಿಕ್ಕ ದಿನ ಕ್ರಿಕೆಟ್. ಕಾರಂಜಿ ಕೊಳಕ್ಕಿಂತ ನನಗೆ ಇದೇ ಹೆಚ್ಚು ಇಷ್ಟ.

ಈಗ ಅಪ್ರಿಯವಾದ ಮಾತು. 2022ರ ಸೆಪ್ಟೆಂಬರ್ 5ರ ಬೆಳಗಿನವರೆಗಿನ 24 ಗಂಟೆಯಲ್ಲಿ ಬೆಂಗಳೂರಲ್ಲಿ ಸುರಿದದ್ದು 131.6 ಮಿ.ಮೀ. ಅಂದು ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಯ ಆಸುಪಾಸು ಟ್ರ್ಯಾಕ್ಟರಿನಲ್ಲಿ ಜನರನ್ನು ಸಾಗಿಸಿದರು. ಹಾಗೆ ಮುಳುಗುವ ಬಡಾವಣೆ ತನ್ನ 10 ಎಕರೆಯ ನೀರಿನಿಂದ ಮುಳುಗಲ್ಲ, ಮೇಲಿನ ನೂರಾರು ಎಕರೆಯ ನೀರಿನಿಂದ ಮುಳುಗುತ್ತದೆ. ತಗ್ಗಿನವರು ತಮ್ಮ ಪಾರ್ಕಿನಲ್ಲಿ ತೋಡಿದ ಕುಂಟೆ ಅರ್ಧ ಗಂಟೆಯಲ್ಲಿ ತುಂಬಿ ಕೋಡಿ ಬೀಳುತ್ತದೆ. ಕುಂಟೆ ಬೇಕಾಗಿರುವುದು ದಿಬ್ಬದ ಮೇಲಿನ ಬಡಾವಣೆಗೆ, ಅಲ್ಲಿಯವರಿಗೆ ಯಾವತ್ತೂ ನೀರು ನುಗ್ಗಿದ್ದೇ ಇಲ್ಲ, ಹಾಗಾಗಿ ಅವರಿಗೆ ಅದು ಬೇಡ. ಸಹಿ ಸಂಗ್ರಹ ಮಾಡುವವರು ತಮ್ಮ ಬೀದಿಯಲ್ಲಿ ಮಾಡಿ ಉಪಯೋಗವಿಲ್ಲ. ನಕ್ಷೆ ಹಿಡಿದು ಚರಂಡಿಯ ಗುಂಟ ಮೇಲಕ್ಕೆ ಹೋಗಬೇಕು.

ತೋಡಿದ ಮಣ್ಣು ಎಲ್ಲಿಗೆ ಹೋಗುತ್ತದೆ ಅಂತಲೂ ಒಪ್ಪಂದದಲ್ಲಿ ಬರೆಸಿ. ಮೇಲೆ ಹೇಳಿದ ಕುಂಟೆಗೆ, ಕೆಳಗಿನ ಮೀಟರೂ ಸೇರಿ, ತೋಡಿದಾಗ ಅರಳುವ ಮಣ್ಣು ಆರು ಚಕ್ರದ ಟಿಪ್ಪರಿನಲ್ಲಿ ಸುಮಾರು ಆರುನೂರು ಲೋಡು. ಗುತ್ತಿಗೆದಾರರಿಗೆ ಹತ್ತಿರದ, ಪುಕ್ಕಟೆಯ ಜಾಗ ಯಾವುದು? ರಾಜಕಾಲುವೆ ಪಕ್ಕದ ಹಳ್ಳ.