ಶ್ರೀರಂಗಪಟ್ಟಣದ ಮಳೆಗೆ ಲಂಡನ್ ನಕ್ಕಿದ್ದು

ಕೋಟೆಗೋಡೆಯ ಮೇಲೆ ನಿಂತ ಟಿಪ್ಪು, ಕೆಳಗೆ ಕತ್ತೆ ಏರಿ ಓಡುತ್ತಿರುವ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಮೇಲೆ ಉಚ್ಚೆ ಹೊಯ್ಯುತ್ತಿದ್ದಾನೆ. ಇದು 1791ರ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲೇ ಅಚ್ಚಾದ ಚಿತ್ರ. ಬರೆದವನು ಅಲ್ಲಿನ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇ. ಹೆಸರು ‘ಮುಂಗಾರು ಬಂತು, ಅಥವಾ ಶ್ರೀರಂಗಪಟ್ಟಣದಿಂದ ವಾಪಸು’. ಮುಂಗಾರು ಎಲ್ಲಿಂದ ಸುರೀತು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ!

ಆ ವರ್ಷದ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಳಿಯ ಅರಕೆರೆ ಹತ್ತಿರ ಟಿಪ್ಪುವಿನ ದಂಡನ್ನು ಗೆದ್ದೇನೋ ಗೆದ್ದ. ಆದರೆ ದಂಡಿಗೆ ದವಸ ಇಲ್ಲ, ಎತ್ತುಗಳು ಸಾಯುತ್ತಿವೆ, ಮೇಲಿಂದ ಮಳೆ. ಎಳೆಯಲಾಗದ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಬೆಂಗಳೂರಿನ ಕಡೆ ತಿರುಗಿದ. ಹತ್ತು ವರ್ಷ ಮುಂಚೆ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಶರಣಾಗಿದ್ದವನೂ ಇವನೇ. ವ್ಯಂಗ್ಯ ಬರೆಯುವವನಿಗೆ ಇನ್ನೇನು ಬೇಕು?

ಇಂಥ ಚಿತ್ರ ಕಂಡ ಕೂಡಲೇ ‘ನೋಡಿ, ಬ್ರಿಟಿಷರೇ ಟಿಪ್ಪುವನ್ನು ಮೆಚ್ಚಿದ್ದರು’ ಅನ್ನೋ ಆಸೆ ನಮ್ಮಲ್ಲಿ ಕೆಲವರಿಗೆ. ನಾನು ಒಪ್ಪಲ್ಲ. ಗಿಲ್ರೇಗೆ ಟಿಪ್ಪು ಒಂದು ನೆಪ, ಅಷ್ಟೇ. ಮಾನ ಹೋಗಬೇಕಿದ್ದದ್ದು ತನ್ನದೇ ದೇಶದ ಸೇನಾಪತಿಯದು. ಮುಂದಿನ ವರ್ಷ ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆಯಾಳಾದಾಗ ರಾಬರ್ಟ್ ಹೋಮ್ ಎಂಬ ಕಲಾವಿದ ಅದೇ ಕಾರ್ನ್‌ವಾಲಿಸ್‌ನನ್ನು ಆ ಹುಡುಗರ ಕೈಹಿಡಿದು ಬರಮಾಡಿಕೊಳ್ಳುವ ದೊಡ್ಡ ಮನುಷ್ಯನಾಗಿ ಬರೆದ. ಎರಡರಲ್ಲಿ ನನಗೆ ಕತ್ತೆಯ ಚಿತ್ರವೇ ಜಾಸ್ತಿ ಪ್ರಾಮಾಣಿಕ ಅನ್ಸುತ್ತೆ.

ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀಚಿ, ಆಸಿಡ್‌ನಲ್ಲಿ ಅದ್ದಿ, ಕಾಗದಕ್ಕೆ ಒತ್ತಿ, ಕೈಯಲ್ಲೇ ಬಣ್ಣ ತುಂಬುತ್ತಿದ್ದ ಚಿತ್ರಗಳಿವು. ಬಡವರು ಕೊಳ್ಳುವ ಬೆಲೆ ಅಲ್ಲ. ಆದರೆ ಹನ್ನಾ ಹಂಫ್ರಿ ಎಂಬಾಕೆಯ ಅಂಗಡಿಯ ಕಿಟಕಿಯಲ್ಲಿ ಅಂಟಿಸಿದ್ದನ್ನು ಬೀದಿಯಲ್ಲಿ ನಿಂತು ನೋಡಲು ಕಾಸು ಬೇಕಿರಲಿಲ್ಲ. ಗಿಲ್ರೇ ಆಕೆಯ ಮನೆಯಲ್ಲೇ ಇದ್ದುಕೊಂಡು ಬರೆಯುತ್ತಿದ್ದ.

ಅದೇ ಡಿಸೆಂಬರ್‌ನಲ್ಲಿ ಪ್ರಧಾನಿ ಪಿಟ್‌ನನ್ನೂ ಬಿಟ್ಟಿರಲಿಲ್ಲ. ರಾಜನ ಕಿರೀಟಕ್ಕೆ ಬೇರು ಬಿಟ್ಟು ತಿಪ್ಪೆಯ ಮೇಲೆ ಎದ್ದ ನಾಯಿಕೊಡೆ ಮಾಡಿದ್ದ! 1796ರಲ್ಲಿ ಬೇರೊಂದು ಚಿತ್ರಕ್ಕೆ ಗಿಲ್ರೇಯನ್ನು ಹಿಡಿದರು. ಅದರಿಂದ ಕೈ ನಿಲ್ಲಲಿಲ್ಲ. 1797ರಲ್ಲಿ ಅದೇ ಪಿಟ್ ಸರ್ಕಾರ ಗುಟ್ಟಾಗಿ ವರ್ಷಕ್ಕೆ 200 ಪೌಂಡ್ ಪಿಂಚಣಿ ಕಟ್ಟಿತು. ವಿರೋಧ ಪಕ್ಷದ ಫಾಕ್ಸ್‌ಗೆ ಮೊದಲಿಂದಲೂ ಏಟು ಬೀಳುತ್ತಿತ್ತು, ಈಗ ಇನ್ನೂ ಜೋರಾಯ್ತು. ಪಿಟ್ ಮಾತ್ರ ಮತ್ತೆ ನಾಯಿಕೊಡೆ ಆಗಲಿಲ್ಲ.