ನಾಲ್ಕನೇ ಮಹಡಿಯ ಕೆನಾಲ್ ವ್ಯೂ

ಆಮ್‌ಸ್ಟರ್‌ಡ್ಯಾಮ್ ಹೇಗಿತ್ತು ಅಂತ ಕೇಳಿದವರಿಗೆಲ್ಲ ‘ಮೆಟ್ಟಿಲು ಜಾಸ್ತಿ’ ಅಂತಲೇ ಹೇಳುತ್ತಿದ್ದೇನೆ. ಟ್ಯೂಲಿಪ್ ಸಮಾಚಾರ ಆಮೇಲೆ. ಮಂಡಿಗೆ ಹಚ್ಚಿದ ಮುಲಾಮಿನ ವಾಸನೆಯೇ ಇನ್ನೂ ಹೋಗಿಲ್ಲ.

ಹೋಟೆಲ್ ಹುಡುಕಿದ್ದು ನಮ್ಮ ಯಜಮಾನರು. ಪ್ರಿನ್ಸೆನ್‌ಗ್ರಾಕ್ಟ್ ಕಾಲುವೆಯ ದಂಡೆ, 17ನೇ ಶತಮಾನದ ಮನೆ, ಕಿಟಕಿ ತೆಗೆದರೆ ನೀರು, ದೋಣಿ. ಎಲ್ಲ ನಿಜ. ಲಿಫ್ಟ್ ಇಲ್ಲ ಅನ್ನೋದನ್ನು ಮಾತ್ರ ಎಲ್ಲೋ ತಳದಲ್ಲಿ ಸಣ್ಣಕ್ಷರದಲ್ಲಿ ಹಾಕಿದ್ದರು.

ಆ ಕಾಲದಲ್ಲಿ ಮನೆಯ ಅಗಲ ನೋಡಿ ತೆರಿಗೆ ಹಾಕುತ್ತಿದ್ದರಂತೆ. ಅದಕ್ಕೇ ಮನೆಗಳೆಲ್ಲ ಸಪೂರ, ಎತ್ತರ. ಮೆಟ್ಟಿಲಿಗೆ ಜಾಗ ಎಲ್ಲಿಂದ ಬರಬೇಕು? ನಮ್ಮಜ್ಜಿ ಮನೆಯ ಅಟ್ಟದ ಏಣಿಯೇ ವಾಸಿ. ಅರ್ಧ ಪಾದ ಮೆಟ್ಟಿಲ ಮೇಲೆ, ಇನ್ನರ್ಧ ಗಾಳಿಯಲ್ಲಿ. ಹಿಡಿದುಕೊಳ್ಳಲು ಒಂದು ಹಗ್ಗ. ಇಳಿಯುವಾಗ ಹಿಮ್ಮುಖವಾಗಿ ಇಳಿದರೇ ಕ್ಷೇಮ. ಮನೆ ಕಟ್ಟಿದವರೇನು ದಡ್ಡರಲ್ಲ. ಸಾಮಾನು ಇದರಲ್ಲಿ ಹತ್ತೋಲ್ಲ ಅಂತ ಗೊತ್ತಿದ್ದೇ ಮನೆಯ ನೆತ್ತಿಗೆ ಕಬ್ಬಿಣದ ಕೊಕ್ಕೆ ಸಿಕ್ಕಿಸಿದ್ದಾರೆ. ಹಗ್ಗ ಕಟ್ಟಿ ಮೇಲೆಳೆದು ಕಿಟಕಿಯಿಂದ ಒಳಗೆ. ಸೋಫಾ, ಮಂಚ ಈಗಲೂ ಹಾಗೇ ಹೋಗುತ್ತವೆ. ಹೆಂಡತಿಯರಿಗೆ ಆ ಸೌಲಭ್ಯ ಇಲ್ಲ.

ಮೆಟ್ಟಿಲು ಹೋಗಲಿ, ನಮ್ಮವರ ಮರೆವು ಇದೆಯಲ್ಲ! ರೂಮಿನಲ್ಲಿರುವಾಗ ಏನೂ ನೆನಪಾಗೋಲ್ಲ. ಬೀದಿಗೆ ಕಾಲಿಟ್ಟ ತಕ್ಷಣ ಪಟಪಟ ಅಂತ ಜೇಬು ತಟ್ಟಿಕೊಳ್ಳುತ್ತಾರೆ. ಆ ಸದ್ದಿಗೇ ನನ್ನ ಮಂಡಿ ನೋವು ಶುರು.

‘ಕನ್ನಡಕ ಮೇಲೇ ಉಳೀತು ಕಣೇ.’

ಪಾಪ, ಹತ್ತುವುದು ತಾವೇ, ಇಲ್ಲ ಅನ್ನಲ್ಲ. ಸ್ವಲ್ಪ ಹೊತ್ತಿಗೆ ಮೇಲಿಂದ ಕೂಗು. ‘ಎಲ್ಲಿಟ್ಟಿದೀಯೇ?’

ನಾನೆಲ್ಲಿಟ್ಟೆ! ‘ದಿಂಬಿನ ಹತ್ತಿರ ನೋಡ್ರೀ’ ಅಂತ ನಾನು. ‘ಯಾವ ದಿಂಬು?’ ಅಂತ ಅವರು. ಎರಡನೇ ಮಹಡಿಯ ಬಾಗಿಲು ತೆರೆದು ಒಬ್ಬರು ಜರ್ಮನ್ ಅಜ್ಜ ಇಣುಕಿ, ಮೇಲೊಮ್ಮೆ ಕೆಳಗೊಮ್ಮೆ ನೋಡಿ ಬಾಗಿಲು ಹಾಕಿಕೊಂಡರು. ಕೊನೆಗೆ ನಾನೇ ಹತ್ತಬೇಕು. ಕನ್ನಡಕ ಟೇಬಲ್ ಮೇಲೆ, ಅವರ ಮೂಗಿನೆದುರಿಗೇ. ‘ಕನ್ನಡಕ ಇಲ್ಲದೆ ಕನ್ನಡಕ ಹೇಗೆ ಕಾಣಬೇಕು?’ ಅಂತ ನನಗೇ ದಬಾಯಿಸುತ್ತಾರೆ. ಮರುದಿನ ಚಾರ್ಜರ್. ಆಮೇಲೆ ಕೊಡೆ. ಬಿಸಿಲಿದೆ ಅಂತ ಕೊಡೆ ಬಿಟ್ಟು ಹೊರಟರೆ ಸೇತುವೆ ದಾಟುವಷ್ಟರಲ್ಲಿ ಮಳೆ. ಆ ಊರಿನ ಮೋಡಕ್ಕೂ ನಮ್ಮವರಿಗೂ ಏನೋ ಒಳಒಪ್ಪಂದ ಇದೆ.

ನಾಜಿಗಳಿಗೆ ಹೆದರಿ ಯಹೂದಿ ಹುಡುಗಿ ಆನ್ ಫ್ರಾಂಕ್ ಮನೆಯವರ ಜೊತೆ ಅಡಗಿದ್ದ ಮನೆ ಅದೇ ಕಾಲುವೆಯ ಮೇಲೆ, ನಂಬರ್ 263. ಪುಸ್ತಕದ ಕಪಾಟಿನ ಹಿಂದೆ ನುಗ್ಗಿದರೆ ಅಲ್ಲೂ ಅಂಥದೇ ಕಡಿದಾದ ಮೆಟ್ಟಿಲು. ನಾನು ಗೊಣಗಲಿಲ್ಲ. 1942ರ ಜುಲೈನಲ್ಲಿ ಅದನ್ನು ಹತ್ತಿದ ಹುಡುಗಿ, 1944ರ ಆಗಸ್ಟ್‌ನಲ್ಲಿ ಪೊಲೀಸರು ಬಂದು ಹಿಡಿಯುವವರೆಗೂ ಬೀದಿಗೆ ಇಳಿಯಲೇ ಇಲ್ಲ. ಹೊರಗೆ ಬಂದ ಮೇಲೂ ಇಬ್ಬರಿಗೂ ಮಾತು ಬರಲಿಲ್ಲ. ಪಕ್ಕದ ವೆಸ್ಟರ್‌ಕರ್ಕ್ ಚರ್ಚಿನ ಗಂಟೆ ಹೊಡೆಯಿತು. ನಮ್ಮವರು ಜೇಬು ತಟ್ಟಿಕೊಂಡರು. ಕರವಸ್ತ್ರ ಇತ್ತು.

ಹೊರಡುವ ದಿನ ಬೆಳಿಗ್ಗೆ ಸೂಟ್‌ಕೇಸನ್ನು ಕೊಕ್ಕೆಯಿಂದ ಇಳಿಸಿಕೊಡ್ತೀರಾ ಅಂತ ರಿಸೆಪ್ಷನ್ ಹುಡುಗನನ್ನು ಕೇಳಿಯೇಬಿಟ್ಟರು. ಅವನು ನಕ್ಕ. ಒಂದೊಂದನ್ನೇ ಹೊತ್ತು ಇಳಿಸಿ, ಬೆವರು ಒರೆಸಿಕೊಂಡು ನಮ್ಮವರು ಬಿಲ್ ಕಟ್ಟಿದರು. ಹುಡುಗ ರೂಮಿನ ಕೀಲಿಗೆ ಕೈ ಚಾಚಿದ.

ಪಟಪಟ.

ಅಲ್ಲಿದ್ದದ್ದು ಒಂದೇ ಕುರ್ಚಿ. ನಾನು ಎಳೆದುಕೊಂಡು ಕೂತೆ.